ಬಿಳಿ ಕಾಗದದ ಬೆಲೆಯಲ್ಲಿ ಸೇರದ ಲೆಕ್ಕ

ಅಂಗಡಿಯ ಗಲ್ಲಾದ ಪಕ್ಕ ಖೋಟಾ ನೋಟು ಹಿಡಿಯಲು ಪುಟ್ಟ ನೇರಳೆ ದೀಪ ಇಟ್ಟಿರುತ್ತಾರಲ್ಲ, ಅದರ ಕೆಳಗೆ ಐನೂರರ ನೋಟನ್ನೂ ಅಗ್ಗದ ಟಿಶ್ಯೂ ಹಾಳೆಯನ್ನೂ ಅಕ್ಕಪಕ್ಕ ಹಿಡಿದು ನೋಡಿ. ಅಸಲಿ ನೋಟಿನ ಕಾಗದ ಮಂಕಾಗಿಯೇ ಇರುತ್ತದೆ, ಅದರೊಳಗಿನ ಎಳೆಗಳು ಮತ್ತು ನಂಬರು ಮಾತ್ರ ಮಿನುಗುತ್ತವೆ. ಟಿಶ್ಯೂ ಮಾತ್ರ ಎಷ್ಟೋ ಸಲ ಇಡಿಯಾಗಿ ನೀಲಿ ಹೊಳೆಯುತ್ತದೆ. ಅದು ಆಪ್ಟಿಕಲ್ ಬ್ರೈಟನರ್ ಎಂಬ ರಾಸಾಯನಿಕದ ಹೊಳಪು. ಅತಿನೇರಳೆ ಕಿರಣವನ್ನು ಹೀರಿಕೊಂಡು ನೀಲಿ ಬೆಳಕು ಬಿಡುವ ಇದು ಹಳದಿ ನಾರನ್ನು ಅಚ್ಚ ಬಿಳಿಯಾಗಿ ತೋರಿಸುತ್ತದೆ. ಬರೆಯುವ, ಮುದ್ರಿಸುವ ಕಾಗದಕ್ಕೆ ಇದನ್ನು ಧಾರಾಳವಾಗಿ ಬೆರೆಸುತ್ತಾರೆ. ಆ ಕಾಗದ ರದ್ದಿಯಾಗಿ ಟಿಶ್ಯೂ ಮಿಲ್ಲು ಸೇರಿದಾಗ ಬ್ರೈಟನರ್ ಕೂಡ ಜೊತೆಗೇ ಹೋಗುತ್ತದೆ. ಈ ಬ್ರೈಟನರ್ ಬಗ್ಗೆ ನನಗೆ ಅಂಥ ಭಯವೇನಿಲ್ಲ. ರದ್ದಿಯ ಜೊತೆ ಇನ್ನೇನೇನು ಬಂದಿದೆ ಎಂಬುದೇ ಚಿಂತೆಯ ವಿಷಯ.

ನಾವು ಟಿಶ್ಯೂ, ಕಿಚನ್ ರೋಲ್, ಪೇಪರ್ ಲೋಟ ಕೊಳ್ಳುವಾಗ ನೋಡುವುದು ನಾಲ್ಕೇ ಗುಣ: ಬಿಳುಪು, ಒದ್ದೆಯಾದರೂ ಹರಿಯದಿರುವುದು, ಎಣ್ಣೆ-ನೀರು ಸೋರದಿರುವುದು, ಕಡಿಮೆ ಬೆಲೆ. ಬೆಲೆಯ ಹೋಲಿಕೆಯಲ್ಲೇ ಮೊದಲ ಮೋಸ. ಪೊಟ್ಟಣದ ಮೇಲೆ ‘ಇಷ್ಟು ಹಾಳೆ’ ಎಂದಿರುತ್ತದೆ, ಒಂದು ಹಾಳೆಗೆ ಇಷ್ಟು ಪೈಸೆ ಎಂದೂ ಇರುತ್ತದೆ. ಆದರೆ ಹಾಳೆ ಚಿಕ್ಕದಾಗಬಹುದು, ತೆಳ್ಳಗಾಗಬಹುದು, ರೋಲಿನ ನಡುವಿನ ರಟ್ಟಿನ ಕೊಳವೆ ದಪ್ಪಗಾಗಬಹುದು. ಎರಡು ಪೊಟ್ಟಣ ತೂಗಿ, ಗ್ರಾಂ ಲೆಕ್ಕದಲ್ಲಿ ಬೆಲೆ ಹಾಕಿ ನೋಡಿ, ಅಗ್ಗ ಅಂದುಕೊಂಡದ್ದೇ ಎಷ್ಟೋ ಸಲ ದುಬಾರಿ ಬೀಳುತ್ತದೆ. ಇದು ಜೇಬಿನ ನಷ್ಟವಾಯಿತು. ಉಳಿದ ಮೂರು ಗುಣಗಳ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ.

ಬಿಲ್ಲು ಅಂದರೆ ಅಂಗಡಿಯಲ್ಲಿ ಕೊಡುವ ನುಣುಪಾದ ಚೀಟಿ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುವುದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಗುಲಿದಾಗ ಬಣ್ಣ ತರುವ ರಾಸಾಯನಿಕ ಲೇಪನ ಇರುತ್ತದೆ. ಬಹುಕಾಲ ಆ ಕೆಲಸ ಮಾಡಿದ್ದು ಬಿಸ್ಫಿನಾಲ್-ಎ, ಅಂದರೆ ಬಿಪಿಎ. ದೇಹದಲ್ಲಿ ಈಸ್ಟ್ರೊಜೆನ್ ಹಾರ್ಮೋನಿನ ವೇಷ ಹಾಕುವ ವಸ್ತು. ಅದರಿಂದ ತಯಾರಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಅದು ಬಿಗಿಯಾಗಿ ಬಂಧಿಸಲ್ಪಟ್ಟಿರುತ್ತದೆ, ಚೀಟಿಯ ಮೇಲಾದರೋ ಬಿಡಿಬಿಡಿಯಾಗಿ ಪುಡಿಯಂತೆ ಕೂತಿರುತ್ತದೆ. ಬೆರಳಿಗೂ ಅಂಟುತ್ತದೆ, ರದ್ದಿಯಲ್ಲಿ ಬೆರೆತರೆ ಇಡೀ ತಿರುಳಿಗೂ ಹರಡುತ್ತದೆ. ಅಮೆರಿಕ, ಜಪಾನ್, ಕೊರಿಯಾ, ವಿಯೆಟ್ನಾಂಗಳ ಕಾಗದಗಳನ್ನು ಪರೀಕ್ಷಿಸಿ ವಿಜ್ಞಾನಿಗಳಾದ ಲಿಯಾವೊ ಮತ್ತು ಕಣ್ಣನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಥರ್ಮಲ್ ಚೀಟಿಗಳ ಪೈಕಿ ಶೇ. 94ರಲ್ಲಿ ಬಿಪಿಎ ಇತ್ತು. ಚೀಟಿಯಲ್ಲದ ಬೇರೆ ಕಾಗದಗಳಲ್ಲೂ ಶೇ. 81ರಲ್ಲಿ ಅದು ಸಿಕ್ಕಿತು. ಕೈ ಒರೆಸುವ ನ್ಯಾಪ್‌ಕಿನ್, ಕಿಚನ್ ಟವಲ್, ಟಾಯ್ಲೆಟ್ ಪೇಪರ್ ಆ ಪಟ್ಟಿಯಲ್ಲಿದ್ದವು. ಪ್ರಮಾಣ ಚೀಟಿಯಷ್ಟಿರಲಿಲ್ಲ, ತೀರಾ ಅತ್ಯಲ್ಪ. ಆದರೆ ಅವಕ್ಕೆ ಯಾರೂ ಬೇಕೆಂದು ಬಿಪಿಎ ಬೆರೆಸುವುದಿಲ್ಲ, ರದ್ದಿಯ ಜೊತೆಯೇ ಬಂದಿರಬೇಕು.

ಅತ್ಯಲ್ಪವಾದರೆ ಹೆದರಿಕೆ ಯಾಕೆ ಎನ್ನಬಹುದು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಿಪಿಎಯ ಸುರಕ್ಷಿತ ಮಿತಿಯನ್ನು ಒಂದೇ ಏಟಿಗೆ 20,000 ಪಟ್ಟು ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಮಾಡುವ ಬಿಎಫ್‌ಆರ್ ಸಂಸ್ಥೆ ಇದನ್ನು ಒಪ್ಪಲಿಲ್ಲ, ಸಾವಿರ ಪಟ್ಟು ಸಡಿಲವಾದ ಮಿತಿ ಸಾಕೆಂದಿತು. ಗಮನಿಸಬೇಕಾದದ್ದೆಂದರೆ, ಆ ಸಡಿಲ ಮಿತಿಯೂ ಹಿಂದಿನದಕ್ಕಿಂತ 20 ಪಟ್ಟು ಬಿಗಿ. ಈ ಎರಡು ಸಂಸ್ಥೆಗಳ ಜಗಳ ಎಷ್ಟು ಇಳಿಸಬೇಕು ಎಂಬುದರ ಬಗ್ಗೆ, ಇಳಿಸಬೇಕೇ ಬೇಡವೇ ಎಂಬುದರ ಬಗ್ಗೆ ಅಲ್ಲ. ಇನ್ನು ‘ಬಿಪಿಎ ಇಲ್ಲ’ ಎಂದು ಹೇಳಿಕೊಳ್ಳುವ ಎಷ್ಟೋ ಚೀಟಿಗಳಲ್ಲಿ ಇರುವುದು ಅದರ ದಾಯಾದಿ ಬಿಪಿಎಸ್. ಹಾರ್ಮೋನಿನ ವೇಷ ಹಾಕುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ.

ಒದ್ದೆಯಾದರೂ ಹರಿಯದ ಕಿಚನ್ ರೋಲ್‌ಗೆ ಬರೋಣ. ಕಾಗದದ ಸಹಜ ಗುಣವೇ ನೀರಲ್ಲಿ ನೆನೆದು ನಾರುನಾರಾಗಿ ಬಿಡಿಸಿಕೊಳ್ಳುವುದು. ಹಾಗಾಗದಂತೆ ತಡೆಯಲು ಎಪಿಕ್ಲೋರೋಹೈಡ್ರಿನ್‌ನಿಂದ ತಯಾರಿಸಿದ ಒಂದು ಬಗೆಯ ರಾಳವನ್ನು ತಿರುಳಿಗೆ ಬೆರೆಸುತ್ತಾರೆ. ತಯಾರಿಕೆ ಕಳಪೆಯಾದರೆ ಅದರಲ್ಲಿ 3-ಎಂಸಿಪಿಡಿ, 1,3-ಡಿಸಿಪಿ ಎಂಬ ಶೇಷಗಳು ಉಳಿಯುತ್ತವೆ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಕ್ಯಾನ್ಸರ್ ತರುವ ಸಾಧ್ಯತೆ ಇರುವವು’ ಎಂಬ ಪಟ್ಟಿಗೆ ಸೇರಿಸಿದೆ. ಆಹಾರ ತಾಗುವ ಕಾಗದವನ್ನು ನೀರಿನಲ್ಲಿ ನೆನೆಸಿ ಪರೀಕ್ಷಿಸಿದರೆ ಮೊದಲನೆಯದು ಲೀಟರಿಗೆ 12 ಮೈಕ್ರೋಗ್ರಾಂ ಮೀರಬಾರದು ಎಂದು ಬಿಪಿಎ ಮಿತಿಯ ಬಗ್ಗೆ ತಕರಾರು ತೆಗೆದ ಜರ್ಮನಿಯ ಅದೇ ಸಂಸ್ಥೆ ಹೇಳುತ್ತದೆ. ಒಳ್ಳೆಯ ದರ್ಜೆಯ ರಾಳದಲ್ಲಿ ಈ ಶೇಷ ಬಹಳ ಕಡಿಮೆ, ಅದಕ್ಕೆ ದುಡ್ಡು ಜಾಸ್ತಿ. ನಮ್ಮ ಅಡುಗೆಮನೆಯಲ್ಲಿ ಪೂರಿ, ಬೋಂಡ ಬಾಣಲೆಯಿಂದ ತೆಗೆದ ತಕ್ಷಣ ಸುರಿಯುವುದು ಇದೇ ಕಾಗದದ ಮೇಲೆ. ಅದು ಆಹಾರಕ್ಕೆಂದೇ ತಯಾರಾದದ್ದೋ, ಮೇಜು ಒರೆಸಲೆಂದು ತಯಾರಾದದ್ದೋ ಎಂದು ನಾವು ನೋಡುವುದಿಲ್ಲ.

ಪೇಪರ್ ಲೋಟದ ಕತೆ ಹೆಚ್ಚು ಜನಕ್ಕೆ ಗೊತ್ತು. ಒಳಮೈಯಲ್ಲಿ ಪಾಲಿಥಿನ್‌ನಂಥ ಪೊರೆ ಇಲ್ಲದೆ ಕಾಗದ ಕಾಫಿ ಹಿಡಿಯಲಾರದು. ಖರಗಪುರ ಐಐಟಿಯ ಸುಧಾ ಗೋಯಲ್ ತಂಡ ಇಂಥ ಲೋಟಕ್ಕೆ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿ ನೀರು ಸುರಿದು 15 ನಿಮಿಷ ಬಿಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬಿದ್ದವು. ದರ್ಶಿನಿಯ ಕಟ್ಟೆ ಪಕ್ಕ ನಿಂತು ಕಾಫಿ ಕುಡಿಯುವವರು ಅಷ್ಟು ಹೊತ್ತು ಕಾಯುವುದಿಲ್ಲ, ಸರಿ. ಆಫೀಸಿನಲ್ಲಿ ಮಾತಾಡುತ್ತ ಕುಡಿಯುವವರು ಕಾಯುತ್ತಾರೆ. ಕಣಗಳ ಎಣಿಕೆಯೇ ಕಾಯಿಲೆಯಲ್ಲ, ಅವು ದೇಹದಲ್ಲಿ ಮಾಡುವ ಹಾನಿಯ ಲೆಕ್ಕ ಇನ್ನೂ ನಡೆದಿದೆ. ಆ ಲೆಕ್ಕ ಮುಗಿಯುವ ತನಕ ದಿನಕ್ಕೆ ಮೂರು ಲೋಟ ಕುಡಿದು ಪ್ರಯೋಗದ ಇಲಿಯಾಗುವ ಅಗತ್ಯ ನನಗೆ ಕಾಣುವುದಿಲ್ಲ.

ಎಣ್ಣೆ ಸೋರದ ಕಾಗದದ್ದು ಇನ್ನೂ ದೀರ್ಘಕಾಲದ ಅಪಾಯ. ಎಣ್ಣೆ ತಡೆಯಲು ಪಿಎಫ್‌ಎಎಸ್ ಗುಂಪಿನ ಫ್ಲೋರಿನ್ ರಾಸಾಯನಿಕಗಳನ್ನು ಲೇಪಿಸುವುದುಂಟು. ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಇವು ಸುಲಭವಾಗಿ ಒಡೆಯುವುದಿಲ್ಲ, ಕೆಲವು ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. 2023ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು 39 ಬ್ರ್ಯಾಂಡಿನ ಸ್ಟ್ರಾಗಳನ್ನು ಪರೀಕ್ಷಿಸಿದಾಗ 20 ಕಾಗದದ ಸ್ಟ್ರಾಗಳ ಪೈಕಿ 18ರಲ್ಲಿ ಇವು ಸಿಕ್ಕವು. ಸ್ಟೀಲ್ ಸ್ಟ್ರಾಗಳಲ್ಲಿ ಸಿಗಲಿಲ್ಲ. ಡೆನ್ಮಾರ್ಕ್ 2020ರಲ್ಲೇ ಆಹಾರದ ಕಾಗದ, ರಟ್ಟುಗಳಲ್ಲಿ ಇವನ್ನು ನಿಷೇಧಿಸಿತು.

ನಮ್ಮಲ್ಲಿ ಅಪಾಯ ಬೆಳೆಯುತ್ತಿರುವುದು ಪ್ಲಾಸ್ಟಿಕ್ಕಿನ ಬದಲು ಬಂದ ಇಂಥ ಕಾಗದದಲ್ಲೇ. ಕರ್ನಾಟಕ 2016ರಲ್ಲಿ, ದೇಶ 2022ರ ಜುಲೈ 1ರಂದು ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು. ಬೇಕಾಗಿದ್ದ ಕೆಲಸವೇ. ಆದರೆ ಆ ಜಾಗಕ್ಕೆ ನುಗ್ಗಿದ ಕಾಗದ ಏನನ್ನು ಹೊತ್ತು ತಂದಿತು ಎಂದು ಕೊಳ್ಳುವವರು ಕೇಳಲಿಲ್ಲ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು, ಕರಿದ ಪದಾರ್ಥದ ಎಣ್ಣೆ ಹೀರಿಸಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲಿ ಎಚ್ಚರಿಸಿತು, 2018ರಲ್ಲಿ ನಿಯಮವನ್ನೇ ಮಾಡಿತು, 2023ರಲ್ಲಿ ಮತ್ತೆ ನೆನಪಿಸಿತು. ಮೆಣಸಿನಕಾಯಿ ಬಜ್ಜಿಯ ತಳದಲ್ಲಿ ನಿನ್ನೆಯ ಹೆಡ್‌ಲೈನ್ ತಿರುಗುಮುರುಗಾಗಿ ಅಚ್ಚಾಗುವುದು ಮಾತ್ರ ನಿಂತಿಲ್ಲ.

ಅಡಿಕೆ ಹಾಳೆ ತಟ್ಟೆ ಇದೆಯಲ್ಲ ಎನ್ನುವ ಮಲೆನಾಡಿಗರಿಗೂ ಒಂದು ಮಾತು. ಹಾಳೆಯಿಂದ ಅಡಿಕೆಯ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದೆಂದು 2025ರಲ್ಲಿ ಅಮೆರಿಕದ ಎಫ್‌ಡಿಎ ತಗಾದೆ ತೆಗೆಯಿತು, ರಫ್ತು ಮಾಡುವವರಿಗೆ ದೊಡ್ಡ ಏಟು ಬಿತ್ತು. ಮರದಿಂದ ಬಂದದ್ದೆಲ್ಲ ನಿರುಪದ್ರವಿ ಎಂಬ ನಂಬಿಕೆಗೂ ಪುರಾವೆ ಬೇಕು. ಅದನ್ನು ಒದಗಿಸುವ ಸಂಶೋಧನೆಯನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳೇ ಮಾಡಬೇಕು, ಬೆಳೆಗಾರನ ತಲೆಗೆ ಕಟ್ಟುವುದಲ್ಲ.

ಮನೆಯ ಮಟ್ಟಿಗೆ ನನ್ನ ಲೆಕ್ಕ ಹೀಗೆ. ನೆಲ, ಕಿಟಕಿ, ಸಿಂಕು ಒರೆಸಲು ರದ್ದಿಯಿಂದಾದ ಅಗ್ಗದ ರೋಲೇ ಸರಿ, ಗ್ರಾಂ ಲೆಕ್ಕದಲ್ಲಿ ಅಗ್ಗವಾದದ್ದನ್ನು ತನ್ನಿ. ಹೊಸ ತಿರುಳಿಗಾಗಿ ಮರ ಕಡಿಸಿ ನೆಲ ಒರೆಸುವುದು ಪಾಪ. ಬಾಯಿಗೆ, ತಟ್ಟೆಗೆ ತಾಗುವ ಕಡೆ ಆಹಾರಕ್ಕೆ ಯೋಗ್ಯ ಎಂದು ಬರೆದಿರುವ, ಮುದ್ರಣವಿಲ್ಲದ, ಹೊಸ ತಿರುಳಿನದ್ದೇ ಇರಲಿ. ಕರಿದದ್ದನ್ನು ತೂತಿನ ಸ್ಟೀಲ್ ಜರಡಿಯ ಮೇಲೆ ಹಾಕಿದರೆ ಅದೂ ಬೇಡ. ಥರ್ಮಲ್ ಬಿಲ್ಲನ್ನು ರದ್ದಿ ಚೀಲಕ್ಕೆ ಹಾಕಬೇಡಿ, ಅದರ ಜಾಗ ಒಣ ಕಸವೂ ಅಲ್ಲ, ತಿರಸ್ಕೃತ ಕಸ. ಕೈಗೆ ಸ್ಯಾನಿಟೈಸರ್ ಹಚ್ಚಿದ ಕೂಡಲೇ ಆ ಚೀಟಿ ಮುಟ್ಟಿದರೆ ಬಿಪಿಎ ಚರ್ಮದೊಳಕ್ಕೆ ಹೆಚ್ಚು ಇಳಿಯುತ್ತದೆಂದು 2014ರ ಒಂದು ಪ್ರಯೋಗ ತೋರಿಸಿದೆ. ಹೆಚ್ಚು ಚಿಂತಿಸಬೇಕಾದದ್ದು ಕೊಳ್ಳುವ ನಮ್ಮ ಬಗ್ಗೆಯಲ್ಲ, ದಿನವಿಡೀ ಆ ಚೀಟಿ ಹರಿದು ಕೊಡುವ ಕೌಂಟರಿನ ಹೆಣ್ಣುಮಕ್ಕಳ ಬಗ್ಗೆ. ಅವರಲ್ಲಿ ಬಸುರಿಯರೂ ಇರುತ್ತಾರೆ. ಅವರಿಗೊಂದು ಜೊತೆ ಕೈಗವಸು ಕೊಡಿಸಿ ಎಂದು ಮಾಲೀಕರಿಗೆ ಹೇಳಲು ಯಾವ ಹೊಸ ಕಾನೂನಿಗೂ ಕಾಯಬೇಕಿಲ್ಲ.