ಮುಂದಿನ ಚಕ್ರ ನೆಟ್ಟಗಿದೆಯೇ?

ಅಮಾವಾಸ್ಯೆಯಂದು ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಸುತ್ತಲ ಹಳ್ಳಿಗಳ ಜನ ಟ್ರ್ಯಾಕ್ಟರಿನಲ್ಲೂ ಬರುತ್ತಾರೆ. ಮಕ್ಕಳೇ, ನಿಂತ ಟ್ರ್ಯಾಕ್ಟರನ್ನು ಒಮ್ಮೆ ಎದುರಿನಿಂದ ನೋಡಿ. ಸಾಮಾನ್ಯವಾಗಿ ಅದರ ಸಣ್ಣ ಮುಂಚಕ್ರಗಳ ತಲೆ ಹೊರಕ್ಕೆ, ಕಾಲು ಒಳಕ್ಕೆ ಕೊಂಚ ವಾಲಿರುತ್ತವೆ. ಅದು ಸೊಟ್ಟಗಾದದ್ದಲ್ಲ, ಬೇಕೆಂದೇ ಹಾಗೆ ಕೂರಿಸಿದ್ದು. ಮೇಲಿನಿಂದ ನೋಡಿದರೆ ಎರಡೂ ಚಕ್ರಗಳ ಮುಂಭಾಗ ಒಂದಕ್ಕೊಂದು ತುಸು ಹತ್ತಿರ ಇರುತ್ತದೆ. ಇದಕ್ಕೆ ಟೋ-ಇನ್ ಎನ್ನುತ್ತಾರೆ. ಗಾಡಿ ಓಡುವಾಗ ನೆಲದ ತಡೆ ಚಕ್ರಗಳನ್ನು ಹೊರಮುಖವಾಗಿ ತಿರುಗಿಸಲು ನೋಡುತ್ತದೆ, ಕೀಲುಗಳೂ ಅಷ್ಟಿಷ್ಟು ಬಿಟ್ಟುಕೊಡುತ್ತವೆ. ಆಗ ನೇರವಾಗಲಿ ಎಂದು ಮೊದಲೇ ಸ್ವಲ್ಪ ಒಳಮುಖ ಮಾಡಿರುತ್ತಾರೆ.

ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ತಿರುಗಿಸುವ ಕೆಲಸ ಎತ್ತುಗಳದು, ನಮ್ಮದು ಕೀಲೆಣ್ಣೆ ಹಾಕುವುದಷ್ಟೇ.

ನನ್ನ ಮೊಮ್ಮಗನ ಬಳಿ ಮಕ್ಕಳ ಎಟಿವಿ ಇದೆ, ದಪ್ಪ ಟೈರಿನ ನಾಲ್ಕು ಚಕ್ರದ ಬೈಕು. ರಸ್ತೆಗೆ ಬಿಡುವ ಗಾಡಿಯಲ್ಲ, ಕಣದಲ್ಲಿ ಮಾತ್ರ, ಹೆಲ್ಮೆಟ್ ಹಾಕಿಯೇ. ಒಂದು ದಿನ ಅವನು, "ಅಜ್ಜಾ, ಹ್ಯಾಂಡಲ್ ನೆಟ್ಟಗೆ ಹಿಡಿದ್ರೂ ಎಡಕ್ಕ ಹೋಗ್ತೈತಿ" ಅಂದ. ನಮ್ಮ ಕಣದ ಎಡಕ್ಕೆ ನಾಲೆ. ಅದನ್ನು ನೆನೆದೇ ನನ್ನ ಎದೆ ಧಸಕ್ಕೆಂದಿತು.

ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಟೈರುಗಳ ಗಾಳಿ ನೋಡಿದೆವು. ಕಾರಿನ ಟೈರಿಗೆ 30ರ ಆಸುಪಾಸು ಪಿಎಸ್‌ಐ ಬೇಕು; ಈ ದಪ್ಪ ಟೈರುಗಳಿಗೆ ಸಾಮಾನ್ಯವಾಗಿ ಒಂದಂಕಿಯಷ್ಟೇ ಸಾಕು. ಪಂಕ್ಚರ್ ಅಂಗಡಿಯಲ್ಲಿ ಬೈಕಿನಂತೆ ತುಂಬಿಸಿದರೆ ಗಾಡಿ ಚೆಂಡಿನಂತೆ ಪುಟಿಯುತ್ತದೆ. ಎಷ್ಟು ಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಎಡಬಲದ ಗಾಳಿ ಒಂದೇ ಇತ್ತು.

ಆಮೇಲೆ ಮೊಮ್ಮಗನನ್ನು ಸೀಟಿನಲ್ಲಿ ಕೂರಿಸಿದೆ. ಭಾರ ಬಿದ್ದಾಗ ಸ್ಪ್ರಿಂಗ್ ಇಳಿದು ಚಕ್ರದ ದಿಕ್ಕೂ ಸ್ವಲ್ಪ ಬದಲಾಗುತ್ತದೆ, ಖಾಲಿ ಗಾಡಿಯ ಅಳತೆ ನಂಬುವಂತಿಲ್ಲ. ಹ್ಯಾಂಡಲ್ ನೆಟ್ಟಗಿಟ್ಟು, ಎರಡೂ ಮುಂಟೈರುಗಳ ಮುಂಬದಿಯ ನಡುವೆ, ಅಚ್ಚಿನ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆದೆ: 61 ಸೆಂ.ಮೀ. ಗುರುತುಗಳು ಹಿಂಬದಿಗೆ ಬರುವವರೆಗೆ ಗಾಡಿಯನ್ನು ಮುಂದೆ ತಳ್ಳಿ ಅದೇ ಎತ್ತರದಲ್ಲಿ ಮತ್ತೆ ಅಳೆದೆ: 59. ಒಂದೇ ಗುರುತನ್ನು ಎರಡು ಕಡೆ ಅಳೆಯುವುದರಿಂದ ರಿಮ್ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. (ಬ್ಯಾಂಕಿನ ಅಭ್ಯಾಸ, ಎರಡು ಸಲ ಕೂಡದೆ ನನಗೆ ಸಮಾಧಾನವಿಲ್ಲ.)

ಮುಂದೆ 2 ಸೆಂ.ಮೀ. ಹೆಚ್ಚು! ಚಕ್ರಗಳು ಒಳಮುಖವಲ್ಲ, ಹೊರಮುಖ. ಯಾವುದು ತಪ್ಪಿತಸ್ಥ? ಹಿಂದಿನ ಟೈರಿನ ಬದಿಗೆ ತಾಗಿಸಿ ದಾರವನ್ನು ಮುಂದಕ್ಕೆ ಬಿಗಿಯಾಗಿ ಎಳೆದೆವು. ಬಲಚಕ್ರ ದಾರಕ್ಕೆ ಸಮವಾಗಿತ್ತು, ಎಡಚಕ್ರ ಎಡಕ್ಕೆ ಮುಖ ತಿರುಗಿಸಿತ್ತು. ಬಗ್ಗಿ ನೋಡಿದರೆ, ಅಚ್ಚಿನ ಹಿಂದೆ ಚಕ್ರಕ್ಕೆ ಹೋಗುವ ಟೈ ರಾಡ್ ಬಾಗಿ ಗಿಡ್ಡವಾಗಿತ್ತು. ಯಾವುದೋ ಕಲ್ಲಿಗೆ ಹೊಡೆದಿರಬೇಕು. ಮೊಮ್ಮಗ ಕಲ್ಲಿನ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬಾಗಿದ ರಾಡನ್ನು ಬಡಿದು ನೆಟ್ಟಗೆ ಮಾಡಿ ಹಾಕಬಾರದು. ಒಮ್ಮೆ ಬಾಗಿದ ಜಾಗ ಮತ್ತೆ ಬಾಗುತ್ತದೆ, ಮುರಿಯಲೂಬಹುದು. ಹರಿಹರದ ಮೆಕ್ಯಾನಿಕ್ ಹೊಸದು ಹಾಕಿ, ನಟ್ಟು ಸಡಿಲಿಸಿ, ರಾಡನ್ನು ತಿರುವಿ ಉದ್ದ ಹೊಂದಿಸಿದ. ಈಗ ಮುಂದೆ 59.6, ಹಿಂದೆ 60.

ಶಾಕ್ ಅಬ್ಸಾರ್ಬರುಗಳನ್ನೂ ಅವನೇ ನೋಡಿದ. ಮುಂಭಾಗವನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕು, ಮೂರು ನಾಲ್ಕು ಸಲ ಕುಣಿದರೆ ಅವು ಸೋತಿವೆ ಎಂದರ್ಥ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಅಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದಿರಬಹುದು. ಬದು ಹಾರಿಸಿದ ದಿನ ಇಷ್ಟನ್ನೂ ಮತ್ತೊಮ್ಮೆ ನೋಡಿ. ಸೀಮೆಸುಣ್ಣ ಹಿಡಿಯುವುದು ಮಕ್ಕಳ ಕೆಲಸ, ಟೇಪು ಓದಲು ಅಜ್ಜನ ಕನ್ನಡಕ ಇದ್ದೇ ಇರುತ್ತದೆ.