ನಿಮಗಿದು ಗೊತ್ತೆ? ಐಎಸ್‌ಒ ಫೈಲು ಗಂಟಲ್ಲ, ಪಡಿಯಚ್ಚು

ಹೆಸರಿನ ತುದಿಯಲ್ಲಿ ‘ಐಎಸ್‌ಒ’ ಎಂದಿರುವ ಫೈಲನ್ನು ಹಲವರು ಜಿಪ್ ಫೈಲಿನಂತೆ ಬಿಚ್ಚಬೇಕಾದ ಗಂಟೆಂದೇ ತಿಳಿಯುತ್ತಾರೆ. ಅದು ಇಡೀ ಸಿಡಿ ಅಥವಾ ಡಿವಿಡಿಯ ಪಡಿಯಚ್ಚು. 1988ರಲ್ಲಿ ಸಿಡಿಗಳಿಗಾಗಿ ಬಂದ ಐಎಸ್‌ಒ 9660 ಮಾನದಂಡದಿಂದಲೇ ಈ ಹೆಸರು. ಫೈಲಿನ ಒಡಲಲ್ಲೇ ಸಾಕ್ಷಿಯಿದೆ: ತಲಾ 2,048 ಬೈಟ್‌ಗಳ ಮೊದಲ 16 ಸೆಕ್ಟರ್‌ಗಳು ಮೀಸಲು, ಅವನ್ನು ದಾಟಿದರೆ ‘ಸಿಡಿ001’ ಎಂಬ ಗುರುತು. ಖಾಲಿ ಜಾಗವನ್ನೂ ಬಿಡದೆ ನಕಲು ಮಾಡಿದ್ದು! ಹಾಗಾಗಿ ಇದನ್ನು ಬಿಚ್ಚುವುದಕ್ಕಿಂತ ಮೌಂಟ್ ಮಾಡುವುದೇ ಸರಿ. ವಿಂಡೋಸ್ 8ರಿಂದೀಚೆಗೆ ಡಬಲ್ ಕ್ಲಿಕ್ ಸಾಕು, ಸಿಡಿ ಹಾಕಿದಂತೆಯೇ ಹೊಸ ಡ್ರೈವ್ ಕಾಣಿಸುತ್ತದೆ. ಕೆಲಸ ಮುಗಿದ ಮೇಲೆ ರೈಟ್ ಕ್ಲಿಕ್ ಮಾಡಿ ‘ಇಜೆಕ್ಟ್’ ಒತ್ತಿ.

ಜಿಪ್ ಫೈಲು ಬಿಚ್ಚುವ 7-ಜಿಪ್ ತಂತ್ರಾಂಶದಲ್ಲೂ ತೆರೆಯುತ್ತದಲ್ಲ ಎನ್ನಬಹುದು. ತೆರೆಯುತ್ತದೆ, ಒಂದೆರಡು ಫೈಲು ಬೇಕಿದ್ದರೆ ಅದೇ ಸಲೀಸು. ಆದರೆ ಕಂಪ್ಯೂಟರ್ ಬೂಟ್ ಆಗಲು ಬೇಕಾದ ಮಾಹಿತಿ ಫೈಲುಗಳಲ್ಲಷ್ಟೇ ಅಲ್ಲ, ಡಿಸ್ಕಿನ ವಿನ್ಯಾಸದಲ್ಲೂ ಅಡಗಿರುತ್ತದೆ. ಉಬುಂಟು ಲಿನಕ್ಸ್‌ನ ಐಎಸ್‌ಒವನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗದು. ರೂಫಸ್‌ನಂಥ ತಂತ್ರಾಂಶದಿಂದ ಅದನ್ನು ಬರೆಯಬೇಕು. ಸಿಡಿ ಡ್ರೈವೇ ಇಲ್ಲದ ಲ್ಯಾಪ್‌ಟಾಪಿಗೆ ಇದೆಲ್ಲ ಏಕೆ ಎಂಬ ಆಕ್ಷೇಪವೂ ಉಂಟು. ಡ್ರೈವ್ ಹೋಯಿತು, ನಿಜ. ಆದರೆ ವಿಂಡೋಸ್, ಲಿನಕ್ಸ್‌ಗಳನ್ನು ಡೌನ್‌ಲೋಡ್ ಮಾಡಲು ಹೋದರೆ ಇಂದಿಗೂ ಕೈಗೆ ಸಿಗುವುದು ಐಎಸ್‌ಒ ಫೈಲೇ.