ವೆಕ್ಟರಿನ ನಾನಾ ರೂಪಗಳು

ಗಾಳಿಯು ಗಂಟೆಗೆ 20 ಕಿಲೋಮೀಟರ್ ವೇಗದಿಂದ ಬೀಸುತ್ತಿದೆಯೆಂದಷ್ಟೇ ತಿಳಿಸಿದರೆ ನಾವಿಕನಿಗೆ ತೃಪ್ತಿಯಾಗದು, ಅದು ಯಾವ ದಿಕ್ಕಿನಿಂದ ಬರುತ್ತಿದೆಯೆಂಬುದೂ ಅವನಿಗೆ ಗೊತ್ತಾಗಬೇಕು. ಪರಿಮಾಣವನ್ನೂ ದಿಕ್ಕನ್ನೂ ಒಡನೊಡನೆ ಉಳ್ಳ ಇಂತಹ ರಾಶಿಯನ್ನೇ ಭೌತವಿಜ್ಞಾನಿಗಳು ವೆಕ್ಟರ್, ಎಂದರೆ ಸದಿಶ, ಎನ್ನುವರು. 1843ರಲ್ಲಿ ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ಕ್ವಾಟರ್ನಿಯನ್ನುಗಳೆಂಬ ನಾಲ್ಕು ಅಂಶಗಳ ಸಂಖ್ಯೆಗಳನ್ನು ಕಂಡುಕೊಂಡ ಗಣಿತಜ್ಞ ಹ್ಯಾಮಿಲ್ಟನ್ನನು ಈ ಹೆಸರನ್ನು ರೂಢಿಗೆ ತಂದನು. ಅವನ ಜಟಿಲ ರಚನೆಯಿಂದ ಉಪಯುಕ್ತಾಂಶವನ್ನು ಬೇರ್ಪಡಿಸಿಕೊಟ್ಟವರು ಗಿಬ್ಸ್ ಮತ್ತು ಹೆವಿಸೈಡ್.

ಗಣಿತಜ್ಞನಾದರೋ ದಿಕ್ಕಿನ ಹಂಗನ್ನೂ ತೊರೆದನು. 1888ರಲ್ಲಿ ಪೆಯಾನೊ ನಿರೂಪಿಸಿದ ಕ್ರಮದಂತೆ, ಪರಸ್ಪರ ಕೂಡಿಸಲೂ ಸಂಖ್ಯೆಗಳಿಂದ ಗುಣಿಸಲೂ ಬರುವ, ಕೆಲವು ಸ್ವಯಂಸಿದ್ಧ ನಿಯಮಗಳಿಗೆ ಒಳಪಟ್ಟ ಯಾವ ವಸ್ತುವೇ ಆಗಲಿ ವೆಕ್ಟರ್ ಎನಿಸಿಕೊಳ್ಳಬಹುದು. ಬಾಣದ ಗುರುತಿನಿಂದ ತೋರಿಸಲಾಗದ ಬಹುಪದಿಯೂ, ಅವಿಚ್ಛಿನ್ನ ಫಲನವೂ ಈ ಕುಲಕ್ಕೆ ಸೇರಿದುವು.

ಜೀವಶಾಸ್ತ್ರದಲ್ಲಿ ವೆಕ್ಟರ್ ಎಂದರೆ ರೋಗವಾಹಕ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಯಾವುದರ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡನೋ ಆ ಸೊಳ್ಳೆಯೂ ವೆಕ್ಟರೇ.

ಅತ್ಯಂತ ವಿಚಿತ್ರವಾದುದು ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆಯ ವೆಕ್ಟರ್. ಅದು ಬೇಕಾದಂತೆ ಬೆಳೆಯುವ ಒಂದು ಪಟ್ಟಿ: ಸ್ಥಳ ತುಂಬಿದೊಡನೆ ಸ್ಮೃತಿಯಲ್ಲಿ ಹಿರಿದಾದ ಜಾಗವನ್ನು ಪಡೆದು, ಹಳೆಯದನ್ನೆಲ್ಲ ಅಲ್ಲಿಗೆ ಸಾಗಿಸಿಕೊಳ್ಳುತ್ತದೆ. ಎರಡನ್ನು ಕೂಡಿಸಹೊರಟರೆ ಕಂಪೈಲರ್ ಒಪ್ಪದು. ಕೂಡಲಾಗದ ವೆಕ್ಟರೆಂದರೆ ಗಣಿತಜ್ಞನಿಗೆ ಅಪಚಾರವೇ ಸರಿ! ಲಿಸ್ಪ್ ಎಂಬ ಹಳೆಯ ಭಾಷೆಯ ಸಂಪ್ರದಾಯದಿಂದ ಈ ಹೆಸರನ್ನೆತ್ತಿಕೊಂಡ, ಆ ಪಟ್ಟಿಯನ್ನು ರೂಪಿಸಿದ ಸ್ಟೆಪನೋವ್ ತಾನೇ ಮುಂದೆ ಅದನ್ನು ತಪ್ಪೆಂದು ಒಪ್ಪಿಕೊಂಡನು. ಆದರೆ ಇಂದಿನ ಭಾಷಾಯಂತ್ರಗಳಲ್ಲಿ ಪ್ರತಿಯೊಂದು ಪದವೂ ನೂರಾರು ಸಂಖ್ಯೆಗಳ ಸಾಲಾಗಿ, ಎಂದರೆ ಗಣಿತಜ್ಞನ ವೆಕ್ಟರಾಗಿಯೇ, ನಿಲ್ಲುವಾಗ, ಆ ಸಾಲುಗಳನ್ನು ಕೂಡಿಸಿ ಕಳೆದು, ಅವುಗಳ ನಡುವಣ ಕೋನದಿಂದ ಅರ್ಥಸಾಮೀಪ್ಯವನ್ನು ಅಳೆಯುವುದುಂಟು.